ಎಂಟು ಗಂಟೆಯ ದ್ವೀಪ: ನಮ್ಮ ಪ್ರವಾಸಕಥನಗಳ ಒಂದು ಕೊರತೆ

ಆಧುನಿಕ ಕನ್ನಡ ಪ್ರವಾಸಸಾಹಿತ್ಯದಲ್ಲಿ ಸಮುದ್ರಯಾನಕ್ಕೆ ಗೌರವದ ಸ್ಥಾನವಿದೆ. ಆಕ್ಸ್‌ಫರ್ಡಿಗೆ ಓದಲು ತೆರಳಿದ ವಿ.ಕೃ. ಗೋಕಾಕರಿಂದ ‘ಸಮುದ್ರ ಗೀತೆಗಳು’ ಕವನಸಂಕಲನವೂ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವೂ ನಮಗೆ ದೊರೆತವು. ಅಂದು ಹಡಗೆಂದರೆ ವಾರಗಟ್ಟಲೆ ಏಕಾಂತ. ಇಂದು ಅದು ಕುಟುಂಬವಿಹಾರ: ಮುಂಜಾನೆ ಮೆಡಿಟರೇನಿಯನ್ನಿನ ಒಂದು ದ್ವೀಪದಲ್ಲಿ ಇಳಿದು, ಸಂಜೆಯೊಳಗೆ ಹಡಗಿಗೆ ಮರಳಬೇಕು. ಇಂಥ ಯಾತ್ರೆಯ ಬರಹಗಳು ಈಗ ಹೆಚ್ಚುತ್ತಿವೆ. ಆದುದರಿಂದ ಅವುಗಳನ್ನು ಅಳೆಯುವ ಮಾನದಂಡವೂ ಬೇಕಾಗಿದೆ.

ಮಾಲ್ಟಾ ದ್ವೀಪವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1565ರ ಮುತ್ತಿಗೆ, ಮರುವರ್ಷ ಅಡಿಗಲ್ಲು ಕಂಡ ವ್ಯಾಲೆಟ್ಟಾ ನಗರದ ಕೋಟೆ, ಸಂತ ಜಾನರ ಚರ್ಚಿನಲ್ಲಿ ಕರವಾಜ್ಜೊ 1608ರಲ್ಲಿ ರಚಿಸಿದ ಮಹಾಚಿತ್ರ, ಹಳೆಯ ರಾಜಧಾನಿ ಮ್ದೀನಾ – ಇಷ್ಟನ್ನು ಎಲ್ಲರೂ ನೋಡುತ್ತಾರೆ, ಎಲ್ಲರೂ ಬರೆಯುತ್ತಾರೆ. ಮಾಹಿತಿಯಲ್ಲಿ ತಪ್ಪಿಲ್ಲ. ಆದರೆ ಮಾರ್ಗದರ್ಶಿಯ ಕೈಪಿಡಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚಿನದೇನೂ ಓದುಗನಿಗೆ ಸಿಗುವುದಿಲ್ಲ.

‘ಮ್ದೀನಾ’ ಎಂಬುದು ನಗರ ಎಂಬ ಅರ್ಥದ ಅರಬ್ಬೀ ಮೂಲದ ಮಾತು. ಅಲ್ಲಿಯ ಜನರ ನುಡಿ ಅರಬ್ಬಿಯ ಬಳಗದ್ದು. ಬರೆಯುವುದು ರೋಮನ್ ಲಿಪಿಯಲ್ಲಿ. ಕ್ಯಾಥೊಲಿಕರಾದ ಅವರು ಪ್ರಾರ್ಥನೆಯಲ್ಲಿ ದೇವರನ್ನು ‘ಅಲ್ಲಾ’ ಎಂದೇ ಕರೆಯುತ್ತಾರೆ. ಶತಮಾನಗಳ ಕಾಲ ಆಡಳಿತಕ್ಕೂ ವಿದ್ಯೆಗೂ ಇಟಾಲಿಯನ್ ಮೊದಲಾದ ಭಾಷೆಗಳೇ ಇದ್ದು, ಮನೆಮಾತಾಗಿಯಷ್ಟೇ ಉಳಿದಿದ್ದ ಮಾಲ್ಟೀಸ್ 1934ರಲ್ಲಿ ಅಧಿಕೃತ ಭಾಷೆಯಾಯಿತು. 2004ರಲ್ಲಿ ಯುರೋಪಿಯನ್ ಒಕ್ಕೂಟದ ಭಾಷೆಗಳ ಸಾಲಿಗೂ ಸೇರಿತು. ಅದನ್ನಾಡುವವರು ಕೆಲವೇ ಲಕ್ಷ ಮಂದಿ.

ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗನಿಗೆ ಇದು ಬರಿಯ ದೂರದ ಸುದ್ದಿಯಲ್ಲ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ಮಕ್ಕಳ ತಂದೆತಾಯಿಗಳು, ಒಂದು ಮನೆಮಾತು ಬರಹಕ್ಕೂ ಪಾಠಕ್ಕೂ ಹೇಗೆ ಏರಿತೆಂಬುದನ್ನು ಆ ಪ್ರವಾಸಿಯಿಂದ ಕೇಳಬಯಸುತ್ತಾರೆ. ಬರಹಗಾರ ಆ ಪ್ರಶ್ನೆಯನ್ನು ಹೊತ್ತು ಹೋಗಿರಲಿಲ್ಲವಾದುದರಿಂದ ಉತ್ತರವನ್ನೂ ತರಲಿಲ್ಲ.

ಎಂಟು ಗಂಟೆಯಲ್ಲಿ ಇಷ್ಟೆಲ್ಲ ಸಾಧ್ಯವೇ ಎಂದು ಕೇಳಬಹುದು. ಹಿಂದೂಪುರಕ್ಕೆ ಸುಮಾರು 15 ಕಿಲೋಮೀಟರು ದೂರದ ಲೇಪಾಕ್ಷಿಗೆ ಸಮಯದ ಅಭಾವವಿಲ್ಲ, ಬೇಕಾದಾಗ ಹೋಗಬಹುದು. ಆದರೂ ನಮ್ಮ ಬರಹಗಳಲ್ಲಿ ತೂಗುಕಂಬವಿದೆ, ಬೃಹತ್ ನಂದಿಯಿದೆ, ವೀರಭದ್ರನ ಗುಡಿಯ ಮಾಳಿಗೆಯ ವರ್ಣಚಿತ್ರಗಳಿವೆ. ಅಚ್ಯುತರಾಯನ ಕಾಲದಲ್ಲಿ ಪ್ರಾಕಾರದ ಗೋಡೆಯ ಮೇಲೆ ಕೊರೆದ ಕನ್ನಡ ಶಾಸನಗಳಿಗೆ ಒಂದು ಸಾಲೂ ಮೀಸಲಾಗುವುದು ಅಪರೂಪ. ಕೊರತೆಯಿರುವುದು ಕಾಲದಲ್ಲಲ್ಲ, ನೋಟದಲ್ಲಿ.

ಆದುದರಿಂದ ಪ್ರವಾಸಕಥನವನ್ನು ಓದುವಾಗ ಎಷ್ಟು ಸ್ಥಳಗಳನ್ನು ನೋಡಿದರೆಂದು ಎಣಿಸುವುದಕ್ಕಿಂತ, ಅಲ್ಲಿಯ ಜನ ಯಾವ ಮಾತಿನಲ್ಲಿ ಬದುಕುತ್ತಾರೆಂಬುದನ್ನು ಲೇಖಕರು ಕೇಳಿಸಿಕೊಂಡರೇ ಎಂದು ವಿಚಾರಿಸುವುದು ಲೇಸು. ಮುಂದಿನ ರಜೆಯಲ್ಲಿ ಮಾಲ್ಟಾಕ್ಕೆ ಹೋಗುವ ಕುಟುಂಬಗಳು, ಅದಕ್ಕೆ ಮೊದಲು ಮಕ್ಕಳನ್ನು ಲೇಪಾಕ್ಷಿಯ ಆ ಗೋಡೆಯ ಮುಂದೆ ನಿಲ್ಲಿಸಿ ನಾಲ್ಕಕ್ಷರ ಓದಿಸಲಿ. ಆಮೇಲೆ ಬರೆಯುವ ಪ್ರವಾಸಕಥನದ ಬಗೆಯೇ ಬೇರೆಯಾದೀತು.