ಹಾಡಿನಲ್ಲಿಲ್ಲದ ನಾಲ್ಕನೆಯವನು

ಡಾನ್ ಮೆಕ್‌ಲೀನ್ 1971ರಲ್ಲಿ ಹಾಡಿದ ‘ಅಮೆರಿಕನ್ ಪೈ’ ಎಂಟೂವರೆ ನಿಮಿಷಗಳ ಶೋಕಗೀತೆ. ಅದರ ಹಿಂದಿರುವುದು 1959ರ ಫೆಬ್ರುವರಿ 3ರ ಒಂದು ವಿಮಾನ ಅಪಘಾತ. ಅಮೆರಿಕದ ಅಯೋವಾ ರಾಜ್ಯದ ಕ್ಲಿಯರ್ ಲೇಕ್‌ನಲ್ಲಿ ರಾತ್ರಿ ಕಾರ್ಯಕ್ರಮ ಮುಗಿಸಿದ ಗಾಯಕರಾದ ಬಡಿ ಹಾಲಿ, ರಿಚಿ ವ್ಯಾಲೆನ್ಸ್ ಮತ್ತು ‘ಬಿಗ್ ಬಾಪರ್’ ಎಂದು ಹೆಸರಾದ ಜೆ. ಪಿ. ರಿಚರ್ಡ್‌ಸನ್ ಬಾಡಿಗೆಯ ಪುಟ್ಟ ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನ ಏರಿದರು. ರಾತ್ರಿ ಒಂದರ ಸುಮಾರಿಗೆ ಮೇಲೆದ್ದ ಅದು ಕೆಲವೇ ನಿಮಿಷಗಳಲ್ಲಿ ಹೊಲವೊಂದಕ್ಕೆ ಅಪ್ಪಳಿಸಿತು.

ಸತ್ತವರು ಮೂವರು ಎಂದೇ ನಾನು ಬಹುಕಾಲ ತಿಳಿದಿದ್ದೆ. ಸಿವಿಲ್ ಏರೋನಾಟಿಕ್ಸ್ ಬೋರ್ಡ್‌ನ ತನಿಖಾ ವರದಿ ಓದಿದಾಗ ನಾಲ್ಕನೆಯವನು ಕಂಡ: ಪೈಲಟ್ ರೋಜರ್ ಪೀಟರ್ಸನ್, ವಯಸ್ಸು 21.

ಮೆಕ್‌ಲೀನ್ ಹಾಡಿನಲ್ಲಿ ಸತ್ತವರಾರ ಹೆಸರೂ ಇಲ್ಲ. ಅಲ್ಲಿ ಸಾಯುವುದು ಸಂಗೀತ, ಒಂದು ಕಾಲದ ಮುಗ್ಧತೆ. ವಿದೂಷಕ ಯಾರು, ರಾಜ ಯಾರು ಎಂದು ಕೇಳುಗರು ಐವತ್ತು ವರ್ಷಗಳಿಂದ ಒಗಟು ಬಿಡಿಸುತ್ತಿದ್ದಾರೆ. ವಿಮಾನ ಹಾರಿಸಿದವನು ಯಾರು ಎಂದು ಕೇಳುವ ಅಗತ್ಯವನ್ನೇ ಹಾಡು ಹುಟ್ಟಿಸುವುದಿಲ್ಲ. ಅಪಘಾತವನ್ನು ವಿಧಿಯಾಗಿಸಿದಾಗ ಕಾರಣಗಳು ಅನಗತ್ಯವಾಗುತ್ತವೆ.

ವರದಿಯ ಒಣ ಗದ್ಯ ನನಗೆ ಹೆಚ್ಚು ಕರುಣೆಯುಳ್ಳದ್ದಾಗಿ ಕಂಡದ್ದು ಇಲ್ಲಿಯೇ. ಮೋಡ ಕವಿದ ಆಕಾಶ, ಬೀಳುವ ಹಿಮ, ಜನವಸತಿ ವಿರಳವಾದ ನೆಲದಲ್ಲಿ ದೀಪಗಳಿಲ್ಲ, ದಿಗಂತವೂ ಇಲ್ಲ. ಅಂಥ ಕತ್ತಲಲ್ಲಿ ಕಣ್ಣಿಗೂ ಮೈಗೂ ವಿಮಾನ ವಾಲುತ್ತಿರುವುದು ತಿಳಿಯದು. ಉಪಕರಣಗಳನ್ನಷ್ಟೇ ನಂಬಿ ಹಾರಿಸಬೇಕು. ಪೀಟರ್ಸನ್‌ಗೆ ಆ ಅರ್ಹತೆ ಇರಲಿಲ್ಲ. ತರಬೇತಿ ಪಡೆದಿದ್ದ, ಆದರೆ ಹಾರಾಟದ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದ. ಆ ವಿಮಾನದಲ್ಲಿದ್ದ ಸ್ಪೆರಿ ಆಟಿಟ್ಯೂಡ್ ಜೈರೊ, ಮೂತಿ ಮೇಲೋ ಕೆಳಗೋ ಎಂಬುದನ್ನು ಅವನು ಕಲಿತ ಉಪಕರಣಕ್ಕೆ ತದ್ವಿರುದ್ಧವಾಗಿ ತೋರಿಸುತ್ತಿತ್ತು. ಹವಾಮಾನ ಕೆಡುತ್ತಿದೆ ಎಂಬ ಎರಡು ತುರ್ತು ಸೂಚನೆಗಳನ್ನು ಯಾರೂ ಅವನ ಗಮನಕ್ಕೆ ತಂದಿರಲಿಲ್ಲ. ಮೇಲೇರುತ್ತಿದ್ದೇನೆ ಎಂದುಕೊಂಡೇ ಅವನು ಇಳಿಯುತ್ತಿದ್ದಿರಬಹುದು.

ಆದರೂ ವರದಿಯ ತೀರ್ಪಿನ ಬಗ್ಗೆ ನನಗೊಂದು ತಕರಾರಿದೆ. ಅದು ಪೈಲಟ್‌ನ ಅವಿವೇಕದ ನಿರ್ಧಾರವನ್ನು ಸಂಭವನೀಯ ಕಾರಣವೆಂದು ಮುಂದಿಡುತ್ತದೆ. ಹವಾಮಾನ ಮಾಹಿತಿಯ ಗಂಭೀರ ಲೋಪ ಮತ್ತು ಅಪರಿಚಿತ ಉಪಕರಣ ‘ಪೂರಕ’ ಕಾರಣಗಳಾಗಿ ಹಿಂದೆ ಸರಿಯುತ್ತವೆ. ನಿರ್ಧಾರ ಅವನದೇ, ನಿಜ. ಆದರೆ ಏನನ್ನು ತಿಳಿದು ನಿರ್ಧರಿಸಿದ? ಈ ಪ್ರಶ್ನೆಗೆ ಬೇಕಾದ ವಿವರಗಳನ್ನೆಲ್ಲ ಕೊಡುವುದೂ ಆ ವರದಿಯೇ. ತನ್ನ ತೀರ್ಪನ್ನು ಪ್ರಶ್ನಿಸುವ ಸಾಮಗ್ರಿಯನ್ನು ಓದುಗನ ಕೈಗಿಡುವ ಬರಹವನ್ನು ನಾನು ಗೌರವಿಸುತ್ತೇನೆ.

ತನಿಖಾ ವರದಿಯ ಕೆಲಸವನ್ನು ಹಾಡೊಂದು ಮಾಡಬೇಕಿಲ್ಲ. ‘ಅಮೆರಿಕನ್ ಪೈ’ ಇಂದಿಗೂ ನನಗೆ ಪ್ರಿಯವೇ. ಆದರೆ ಶೋಕಗೀತೆಯೂ ಆಯ್ಕೆ ಮಾಡುತ್ತದೆ: ಯಾರಿಗಾಗಿ ಅಳಬೇಕು, ಯಾರನ್ನು ಬಿಡಬೇಕು ಎಂದು. ಆ ರಾತ್ರಿ ಕತ್ತಲಲ್ಲಿ ದಿಗಂತ ಹುಡುಕುತ್ತಿದ್ದ ಹುಡುಗನಿಗೆ ಆ ಎಂಟೂವರೆ ನಿಮಿಷಗಳಲ್ಲಿ ಒಂದು ಸಾಲೂ ಸಿಗಲಿಲ್ಲ.