ಬಾಲದ ಕೆಳಗಿನ ಹಾವು

ಸೇಂಟ್ ಪೀಟರ್ಸ್‌ಬರ್ಗ್‌ನ ಸೆನೆಟ್ ಚೌಕದಲ್ಲಿರುವ ಮಹಾ ಪೀಟರನ ಕಂಚಿನ ಪ್ರತಿಮೆಯನ್ನು ಹೊಗಳಲು ಹೊರಟವರು ಮೊದಲು ಅಪ್ಪಿಕೊಳ್ಳುವುದು ಅದರ ಬಂಡೆಯನ್ನು. ಲಖ್ತಾದ ಜೌಗುನೆಲದಿಂದ ಸುಮಾರು 1,250 ಟನ್ನಿನ ಕಲ್ಲನ್ನು 1769-70ರಲ್ಲಿ ಕಂಚಿನ ಗುಂಡುಗಳ ಮೇಲೆ ಎಳೆದು ಕಡಲಂಚಿಗೆ ತಂದ ಕಥೆ ಯಾವ ಪ್ರವಾಸಿ ಪುಸ್ತಕದಲ್ಲೂ ತಪ್ಪುವುದಿಲ್ಲ. ಸಾಹಸವೇ ಸರಿ. ಆದರೆ ಅದರ ಕೀರ್ತಿ ಎಂಜಿನಿಯರ್ ಕಾರ್ಬುರಿಗೆ ಸಲ್ಲಬೇಕು, ಶಿಲ್ಪಿ ಫಾಲ್ಕೊನೆಗಲ್ಲ. ಫಾಲ್ಕೊನೆ ಕಲ್ಲನ್ನು ಕೆತ್ತಿಸಿ ಕುಗ್ಗಿಸಿದ್ದಕ್ಕೆ ಅಂದಿನವರೇ ಗೊಣಗಿದ್ದರು.

ನನ್ನ ತಕರಾರು ಕುದುರೆಯನ್ನು ಕುರಿತದ್ದು. ಎರಡೇ ಕಾಲಿನ ಮೇಲೆ ನಿಂತ ಪವಾಡ ಎಂದು ಬರೆಯುವವರು ಹಿಂದಕ್ಕೆ ಹೋಗಿ ನೋಡಿದಂತಿಲ್ಲ. ಹಿಂಗಾಲಿನ ಗೊರಸು ಹಾವೊಂದನ್ನು ತುಳಿದಿದೆ, ಇಳಿಬಿದ್ದ ಬಾಲ ಅದೇ ಹಾವಿನ ಮೈಗೆ ತಾಗಿದೆ. ಅದು ಮೂರನೆಯ ಊರುಗೋಲು. ಭಾರ ಹಿಂದಕ್ಕೆ ಉಳಿಯಲೆಂದು ಮುಂಭಾಗದ ಎರಕ ತೆಳು, ಹಿಂಭಾಗದ್ದು ದಪ್ಪ. ಇಷ್ಟಾದರೂ ಬಾಲಕ್ಕೊಂದು ನೆಲೆ ಬೇಕೇಬೇಕಿತ್ತು.

ಹಾವೆಂದರೆ ಅಸೂಯೆ, ಪೀಟರನ ಶತ್ರುಗಳು ಎಂದು ಸಂಕೇತ ಬಿಡಿಸುವವರಿಗೆ ಒಂದು ಪ್ರಶ್ನೆ. ಅನಾಗರಿಕತೆ, ಪ್ರಜೆಗಳ ಪ್ರೀತಿ, ರಾಷ್ಟ್ರ ಎಂಬ ಮೂರ್ತಿಗಳನ್ನೆಲ್ಲ ಸುತ್ತ ನಿಲ್ಲಿಸು ಎಂದು ಗೆಳೆಯ ದಿದೆರೊ ಸಲಹೆ ಕೊಟ್ಟಾಗ ಫಾಲ್ಕೊನೆ ಒಂದನ್ನೂ ಒಪ್ಪಲಿಲ್ಲ. ಸಂಕೇತಗಳನ್ನು ಅಷ್ಟು ಖಂಡಿತವಾಗಿ ತಳ್ಳಿಹಾಕಿದವನು ಹಾವನ್ನು ಮಾತ್ರ ಏಕೆ ಉಳಿಸಿಕೊಂಡ? ಅದು ಭಾರ ಹೊರುತ್ತಿತ್ತು. ಅರ್ಥ ಆಮೇಲೆ ಸೇರಿಕೊಂಡಿತು.

ಸಾಹಿತ್ಯ ವಿಮರ್ಶಕರದು ಇನ್ನೊಂದು ರಗಳೆ. ಪುಷ್ಕಿನ್ 1833ರಲ್ಲಿ ಬರೆದ ಕಾವ್ಯದಲ್ಲಿ ಈ ಸವಾರ ಬಡ ಗುಮಾಸ್ತನೊಬ್ಬನನ್ನು ಊರೆಲ್ಲ ಅಟ್ಟಾಡಿಸುತ್ತಾನೆ. ಅಂದಿನಿಂದ ಇವರಿಗೆ ಕಂಚಿನಲ್ಲೂ ಬೆನ್ನಟ್ಟುವ ನಿರಂಕುಶ ಪ್ರಭುವೇ ಕಾಣುತ್ತಾನೆ. 1825ರ ಡಿಸೆಂಬರ್‌ನಲ್ಲಿ ಇದೇ ಚೌಕದಲ್ಲಿ ದಂಗೆಯೆದ್ದವರ ಮೇಲೆ ಫಿರಂಗಿ ಹಾರಿದ್ದು ಆ ಓದಿಗೆ ಒದಗಿಬಂತು. ಚೌಕದ ಚರಿತ್ರೆಯಾಗಿ ಇದು ನಿಜ, ಶಿಲ್ಪದ ಓದಾಗಿ ಸೋಮಾರಿತನ. ಕಂಚಿನ ಕುದುರೆ ಓಡುತ್ತಿಲ್ಲ. ಬಂಡೆಯ ತುದಿಗೆ ಬಂದು ಲಗಾಮಿಗೆ ತಡೆದು ನಿಂತಿದೆ. ಸವಾರನ ಚಾಚಿದ ಕೈಯಲ್ಲಿ ಕತ್ತಿಯೂ ಇಲ್ಲ, ದಂಡವೂ ಇಲ್ಲ.

ಪೀಟರನ ತಲೆಯನ್ನು ರೂಪಿಸಿದವಳು ಶಿಷ್ಯೆ ಮರಿ-ಆನ್ ಕೊಲೊ. ಹಾವು ಶಿಲ್ಪಿ ಗೊರ್ದೇಯೆವ್‌ನದು. ಪೀಠದ ಮೇಲಿರುವುದು ಮಾತ್ರ ಪೀಟರ್ ಮತ್ತು ಪ್ರತಿಮೆ ಮಾಡಿಸಿದ ರಾಣಿ ಕ್ಯಾಥರೀನ್ ಹೆಸರುಗಳು, 1782 ಎಂಬ ವರ್ಷ. ಅನಾವರಣದ ಹೊತ್ತಿಗೆ ಫಾಲ್ಕೊನೆ ರಷ್ಯಾ ಬಿಟ್ಟು ನಾಲ್ಕು ವರ್ಷವಾಗಿತ್ತು. ರೋಮ್‌ನ ಮಾರ್ಕಸ್ ಅರೇಲಿಯಸ್ ಕುದುರೆಯನ್ನು ಕಣ್ಣಾರೆ ಕಾಣದೆಯೇ ಪುಸ್ತಕ ಬರೆದು ಹಳಿದ ಮನುಷ್ಯ ಆತ. ಬಾಯಿ ಸ್ವಲ್ಪ ಜೋರೇ. ಆದರೂ ಬಾಲ ಎಲ್ಲಿ ತಾಗಬೇಕು, ಹಾವು ಎಲ್ಲಿ ಹೊರಳಬೇಕು ಎಂದು ನಿರ್ಧರಿಸಿದ ತಲೆ ಅವನದೇ. ಬಂಡೆಗೆ ಸುರಿದ ಹೊಗಳಿಕೆಯಲ್ಲಿ ಅರ್ಧವನ್ನಾದರೂ ಅದಕ್ಕೆ ಕೊಡಬೇಕಿತ್ತು.