ಮಾಲ್ಗುಡಿ ಹುಡುಕುತ್ತ ಆಗುಂಬೆಗೆ

ಒಂದು ಧಾರಾವಾಹಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನನ್ನದೊಂದು ಸುಲಭ ಪರೀಕ್ಷೆ ಇದೆ. ಅದನ್ನು ಚಿತ್ರೀಕರಿಸಿದ ಊರಿಗೆ ಒಮ್ಮೆ ಹೋಗಿಬರಬೇಕು ಅನ್ನಿಸುತ್ತದೆಯೇ? ದಿನಾ ಸಂಜೆ ನಾವು ನೋಡುವ ಕಥೆಗಳಲ್ಲಿ ಬಂಗಲೆಗಳಿಗೇನೂ ಬರವಿಲ್ಲ. ಆದರೆ ಆ ಬಂಗಲೆ ಯಾವ ಊರಿನದು, ಅದರ ಹಿತ್ತಲಲ್ಲಿ ಏನು ಬೆಳೆದಿದೆ, ನಳಕ್ಕೆ ನೀರು ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಡಿಗೆಮನೆಯಲ್ಲೂ ಜರಿ ಸೀರೆ ಉಟ್ಟು ನಿಂತ ಸೊಸೆಗೆ ಊರಿನ ಗೊಡವೆಯಾದರೂ ಯಾಕೆ?

ಈ ಪರೀಕ್ಷೆಯಲ್ಲಿ ನನ್ನ ಪಾಲಿಗೆ ಪಾಸಾದದ್ದು ಒಂದೇ, ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’. 1986ರಲ್ಲಿ ದೂರದರ್ಶನದಲ್ಲಿ ಅದು ಶುರುವಾದಾಗ ನಾವು ಓಣಿಯ ಹುಡುಗಿಯರೆಲ್ಲ ಗೋಕಾಕದಲ್ಲಿ ನೆರೆಮನೆಯ ಕಪ್ಪು-ಬಿಳುಪು ಟೀವಿಯ ಮುಂದೆ ಚಾಪೆ ಹಾಸಿ ಕೂತು ನೋಡಿದವರು. ಆರ್. ಕೆ. ನಾರಾಯಣರ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ವಕೀಲ ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿದರೆ ಈಗಲೂ ಕೈಯಲ್ಲಿನ ಕೆಲಸ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ನಾವು ಮೂವರು ಶಿಕ್ಷಕಿಯರು ಆಗುಂಬೆಗೆ ಹೊರಟೆವು. ಒಬ್ಬಾಕೆ ಮೂಡಲಗಿಯವಳು, ಇನ್ನೊಬ್ಬಾಕೆ ಹುಕ್ಕೇರಿಯವಳು. ಚೀಲದಲ್ಲಿ ಕರದಂಟು, ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹುಬ್ಬಳ್ಳಿ, ಶಿವಮೊಗ್ಗ, ತೀರ್ಥಹಳ್ಳಿ ಎಂದು ಬಸ್ಸು ಬದಲಿಸುತ್ತ ಹೋದಂತೆ ಬಯಲು ಮುಗಿದು ಅಡಿಕೆ ತೋಟ ಶುರುವಾಯಿತು. “ನಮ್ಮ ಕಡೀ ಸಾಲೀಗಿ ಹೋಗೋ ಹುಡುಗನ ಕತಿ ಇದು. ಇಷ್ಟ ಹಸರಾಗ ಯಾಕ ತಗದ್ರು?” ಎಂದಳು ಹುಕ್ಕೇರಿಯ ಗೆಳತಿ.

ಅವಳ ಪ್ರಶ್ನೆ ಸಣ್ಣದಲ್ಲ. ಮಾಲ್ಗುಡಿ ಎಲ್ಲೂ ಇಲ್ಲದ ಊರು. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಿಂದ ನಾರಾಯಣರು ಅದನ್ನು ಕಟ್ಟುತ್ತ ಬಂದರು. ಅಲ್ಲಿ ಸರಯೂ ನದಿಯ ಮರಳಿದೆ, ಮಾರ್ಕೆಟ್ ರಸ್ತೆಯಿದೆ, ಏಪ್ರಿಲ್ ತಿಂಗಳ ಪರೀಕ್ಷೆಯ ಸೆಕೆಯಿದೆ. ಆಗುಂಬೆಯಲ್ಲೋ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ನಮ್ಮ ಗೋಕಾಕಕ್ಕೆ ಅದರ ಹತ್ತರಲ್ಲಿ ಒಂದು ಪಾಲೂ ಬೀಳುವುದಿಲ್ಲ. ‘ಗೈಡ್’ ಸಿನಿಮಾದವರು ಮಾಲ್ಗುಡಿಯನ್ನು ಬಿಟ್ಟು ರಾಜಸ್ಥಾನದ ಅರಮನೆಗಳ ಕಡೆಗೆ ಕಥೆಯನ್ನು ಒಯ್ದಾಗ ನಾರಾಯಣರು ನೊಂದು ಒಂದು ಲೇಖನವನ್ನೇ ಬರೆದಿದ್ದರು. ಹಾಗಾದರೆ ಆಗುಂಬೆ ಮಾತ್ರ ಹೇಗೆ ಸರಿಹೋಯಿತು?

ಊರಿನ ಬೀದಿಯಲ್ಲಿ ನಡೆದಾಡಿದ ಮೇಲೆ ನನಗೆ ಉತ್ತರ ಸಿಕ್ಕಿತು. ಶಂಕರ್ ನಾಗ್ ಆಗುಂಬೆಯ ಕಾಡನ್ನಾಗಲಿ, ಹೆಸರಾದ ಸೂರ್ಯಾಸ್ತವನ್ನಾಗಲಿ ತೋರಿಸಲು ಬಂದವರಲ್ಲ. ಅವರಿಗೆ ಬೇಕಾದದ್ದು ಒಂದು ಬೀದಿ: ಜಗಲಿಯ ಮೇಲೆ ಕೂತವರು ಬೀದಿಯಲ್ಲಿ ಹೋಗುವವರನ್ನು ಮಾತಾಡಿಸಬಹುದಾದ, ಹುಡುಗನೊಬ್ಬ ತಪ್ಪಿಸಿಕೊಂಡು ಓಡಿದರೆ ನಾಲ್ಕು ಮನೆಯವರಿಗೆ ಗೊತ್ತಾಗುವಂಥ ಬೀದಿ. ಅದು ಮೂಡಲಗಿಯಲ್ಲೂ ಉಂಟು, ಹುಕ್ಕೇರಿಯಲ್ಲೂ ಉಂಟು. ‘ಗೈಡ್’ನವರು ನೋಟದ ಚೆಲುವಿಗೆ ಮರುಳಾದರು, ಇವರು ಊರಿನ ನಡೆಯನ್ನು ಹಿಡಿದರು. ಸೆಕೆ ಹೋದರೂ ಊರು ಉಳಿದದ್ದು ಹೀಗೆ.

ಸ್ವಾಮಿಯ ಮನೆಯಾಗಿ ನಾವು ನೋಡಿದ್ದು ಅಲ್ಲಿಯ ದೊಡ್ಡಮನೆ. ನೂರು ವರ್ಷಕ್ಕೂ ಹಳೆಯದು. ಮರದ ದಪ್ಪ ಕಂಬಗಳು, ನಡುವೆ ತೆರೆದ ಅಂಗಳ, ಸುತ್ತ ಜಗಲಿ. ಬಂದವರನ್ನು ಉಣ್ಣಿಸಿ ಕಳಿಸುವ ಮನೆ ಎಂದೇ ಅದಕ್ಕೆ ಹೆಸರು. ನಾನು ಕಂಬ ಮುಟ್ಟಿ, ಇಲ್ಲೇ ಅಲ್ಲವೇ ತಂದೆ ಮಗನಿಗೆ ಮಾವಿನಹಣ್ಣಿನ ಲೆಕ್ಕ ಕೊಟ್ಟದ್ದು ಎಂದು ಹುಡುಕುತ್ತಿದ್ದೆ. ಮೂಡಲಗಿಯ ಗೆಳತಿ ಮಾತ್ರ ಒಳಗಿನ ಕತ್ತಲೆಯ ಕಡೆ ನೋಡಿ, “ಇಷ್ಟ ದೊಡ್ಡ ಮನಿ ದಿನಾ ಕಸಾ ಹೊಡದು ಸಾರಿಸಿದಾಕಿ ಯಾರವಾ? ಆಕೀನ್ನ ಯಾರೂ ತೋರಿಸಲಿಲ್ಲಲಾ” ಎಂದಳು.

ಮನೆಗೆ ಬಂದು ಧಾರಾವಾಹಿಯನ್ನು ಮತ್ತೆ ನೋಡಿದಾಗ ಆ ಮಾತು ಬಿಡಲಿಲ್ಲ. ತಾಯಿ ಬಾಗಿಲ ಬಳಿ ನಿಲ್ಲುತ್ತಾಳೆ, ಅಜ್ಜಿ ಮೊಮ್ಮಗನ ಮಾತಿಗೆ ಕಿವಿಗೊಡುತ್ತಾಳೆ. ಇಬ್ಬರೂ ಪ್ರೀತಿಯ ಜೀವಗಳೇ. ಆದರೆ ಅವರಿಗೆ ತಮ್ಮದೆಂಬ ಒಂದು ಸಂಜೆ ಇಲ್ಲ. ಕಥೆ ಹುಡುಗನ ಎತ್ತರದಿಂದ ನೋಡುತ್ತದೆ, ಹುಡುಗನಿಗೆ ತಾಯಿಯ ದಣಿವು ಕಾಣುವುದಿಲ್ಲ ಎಂದು ಸಮಾಧಾನ ಹೇಳಬಹುದು. ಅದು ನಿಜವೂ ಹೌದು. ಆದರೆ ನೋಡುವ ನಾವು ಹುಡುಗರಲ್ಲವಲ್ಲ. ವೈಶಾಲಿಯವರಂಥ ಕಲಾವಿದೆ ಒಂದು ನೋಟದಲ್ಲಿ ಎಷ್ಟೋ ಹೇಳುತ್ತಾರೆ. ಕ್ಯಾಮರಾ ಇನ್ನರ್ಧ ನಿಮಿಷ ಅವರ ಮೇಲೆ ನಿಂತಿದ್ದರೆ ಚೆನ್ನಿತ್ತು.

ಶಿಕ್ಷಕಿಯಾಗಿ ನಾನು ಈ ಧಾರಾವಾಹಿಗೆ ಋಣಿ. ಮಾವಿನಹಣ್ಣಿನ ಲೆಕ್ಕವನ್ನೇ ನೋಡಿ. ತಂದೆ ಕೇಳುವುದು ಬೆಲೆ, ಮಗನಿಗೆ ಚಿಂತೆ ಆ ಹಣ್ಣು ಮಾಗಿದೆಯೋ ಇಲ್ಲವೋ ಎಂಬುದು. ನಾವು ನಗುತ್ತೇವೆ. ಆದರೆ ಸಂತೆಗೆ ಹೋದ ಯಾವ ಹೆಂಗಸು ಹಣ್ಣು ಒತ್ತಿ ನೋಡದೆ ಬೆಲೆ ಕಟ್ಟುತ್ತಾಳೆ? ಸ್ವಾಮಿಯ ಪ್ರಶ್ನೆ ದಡ್ಡನದಲ್ಲ. ಅದಕ್ಕೆ ಉತ್ತರ ಕೊಡದೆ ಮುಂದಿನ ಲೆಕ್ಕಕ್ಕೆ ಹೋಗುವುದೇ ನಮ್ಮ ಶಾಲೆಗಳ ರೋಗ. ಹೆಡ್‌ಮಾಸ್ಟರರ ಬೆತ್ತಕ್ಕೆ ಹೆದರಿ ಹುಡುಗ ಊರು ಬಿಟ್ಟು ಓಡುವ ಭಾಗ ಬಂದಾಗ ನಗು ತಾನಾಗಿ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಬೆತ್ತ ಹೋಗಬಹುದು, ಹೆದರಿಕೆ ಕಾಯಿದೆಯಿಂದಷ್ಟೇ ಹೋಗುವುದಿಲ್ಲ ಎಂದು ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು.

ಇನ್ನೊಂದು ಮಾತು ಹೇಳದೆ ಇರಲಾರೆ. ಕನ್ನಡದ ನಿರ್ದೇಶಕ, ಬಹುಪಾಲು ಕನ್ನಡದ ನಟರು, ಕನ್ನಡ ನಾಡಿನ ಊರು, ಆದರೆ ಮಾತು ಹಿಂದಿ, ಇಂಗ್ಲಿಷ್. ವಿ. ಕೃ. ಗೋಕಾಕರ ಹೆಸರಿನ ಗೋಕಾಕ ಚಳವಳಿ ನಡೆದದ್ದು 1982ರಲ್ಲಿ. ನಮ್ಮೂರಿನ ಹೆಸರಲ್ಲಿ ಕನ್ನಡ ಗುಡುಗಿದ ನಾಲ್ಕು ವರ್ಷಕ್ಕೆ ನಮ್ಮೂರಿನ ಹುಡುಗಿಯರು ಸ್ವಾಮಿಯ ಮಾತನ್ನು ಅರ್ಧಂಬರ್ಧ ಅರ್ಥ ಮಾಡಿಕೊಂಡು ನೋಡಿದೆವು. ದೇಶಕ್ಕೆಲ್ಲ ತಲುಪಬೇಕಾದರೆ ಆಗ ದೂರದರ್ಶನದ ದಾರಿ ಅದೊಂದೇ ಆಗಿತ್ತು, ಒಪ್ಪುತ್ತೇನೆ. ಆದರೂ ಕಾರ್ನಾಡರ ಬಾಯಲ್ಲಿ ಆ ತಂದೆಯ ಗದರಿಕೆ ಮೊದಲು ಕನ್ನಡದಲ್ಲಿ ಕೇಳಿಸಬೇಕಿತ್ತು ಎಂಬ ಆಸೆ ಹೋಗಿಲ್ಲ.

ಮರುದಿನ ಶಿವಮೊಗ್ಗ-ತಾಳಗುಪ್ಪ ರೈಲು ಮಾರ್ಗದ ಅರಸಾಳಿಗೆ ಹೋದೆವು. ಮಾಲ್ಗುಡಿ ಸ್ಟೇಷನ್ ಆಗಿದ್ದ ಅಲ್ಲಿಯ ಹಳೆಯ ಕಟ್ಟಡ 2020ರಲ್ಲಿ ಮ್ಯೂಸಿಯಂ ಆಗಿದೆ. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ ಜಾನ್ ದೇವರಾಜ್ ಅವರೇ ಅದನ್ನು ಅಣಿಗೊಳಿಸಿದ್ದು. ಪಾಳುಬಿದ್ದು ಹೋಗಬಹುದಾಗಿದ್ದ ಕಟ್ಟಡವನ್ನು ಒಂದು ಕಥೆ ಉಳಿಸಿಕೊಂಡಿತು. ಅಮೆರಿಕದ ನಾಪಾ ಕಣಿವೆಯಲ್ಲಿ, 1981ರಿಂದ 1990ರವರೆಗೆ ನಡೆದ ‘ಫಾಲ್ಕನ್ ಕ್ರೆಸ್ಟ್’ ಎಂಬ ಧಾರಾವಾಹಿಯ ದ್ರಾಕ್ಷಿ ತೋಟದ ಮನೆಯನ್ನು ನೋಡಲು ಜನ ಮುಗಿಬಿದ್ದಾಗ, ತೋಟದವರು ಅದೇ ಹೆಸರಿನ ವೈನನ್ನೇ ಬಾಟಲಿಗಿಳಿಸಿದರಂತೆ. ಅವರಲ್ಲಿ ಕಥೆ ಮಾರಾಟಕ್ಕೆ ಬಂತು, ನಮ್ಮಲ್ಲಿ ದೊಡ್ಡಮನೆಯ ಊಟಕ್ಕೆ ಬೆಲೆಪಟ್ಟಿ ಕಾಣಲಿಲ್ಲ. ಈ ವ್ಯತ್ಯಾಸ ಎಷ್ಟು ಕಾಲ ಉಳಿಯುತ್ತದೋ, ಹೋಗುವ ನಮ್ಮ ನಡತೆಯ ಮೇಲಿದೆ. ವಾಸದ ಮನೆಯೊಂದನ್ನು ಸಿನಿಮಾ ಸೆಟ್ಟಿನಂತೆ ಕಂಡು, ಕೇಳದೆ ಒಳಕೋಣೆಗೆ ನುಗ್ಗಿ ಫೋಟೋ ಹೊಡೆಯುವವರೂ ಇದ್ದಾರೆ.

ಶಂಕರ್ ನಾಗ್ 1990ರಲ್ಲಿ ದಾವಣಗೆರೆ ಬಳಿಯ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅವರ ಕಣ್ಣಿಗೆ ಘಟಪ್ರಭೆಯ ದಂಡೆ ಬಿದ್ದಿದ್ದರೆ ಎಂದು ಆಗಾಗ ಯೋಚಿಸುತ್ತೇನೆ. ಗೋಕಾಕ ಫಾಲ್ಸಿನ ತೂಗುಸೇತುವೆ ದಾಟಿ ಗಿರಣಿಗೆ ಹೋಗುವ ಹೆಂಗಸರು, ಹುಕ್ಕೇರಿಯ ಗುಮ್ಮಟಗಳ ನೆರಳಲ್ಲಿ ಪರೀಕ್ಷೆಗೆ ಓದುವ ಹುಡುಗಿ, ಮೂಡಲಗಿಯ ಸಂತೆಯಲ್ಲಿ ಚೌಕಾಸಿ ಮಾಡುವ ಮುದುಕಿ, ಇವರ ಕಥೆ ಇವರದೇ ಮಾತಿನಲ್ಲಿ ಬರಬೇಕು. ಫಾಲ್ಸನ್ನು ಹಾಡಿನ ಹಿನ್ನೆಲೆಗೆ ತೋರಿಸಿದರೆ ಸಾಲದು. ಓದುವ ಗೆಳತಿಯರಲ್ಲಿ ಯಾರಾದರೂ ಬರೆಯಲು ಕೂತರೆ ಅಡಿಗೆಮನೆಯ ಬಾಗಿಲಿಂದಲೇ ಶುರುಮಾಡಲಿ. ಅಲ್ಲಿ ಕ್ಯಾಮರಾ ಇನ್ನೂ ಹೋಗಿಲ್ಲ.